ವೇಸ್ಟೇಜ್ ಎಷ್ಟು ಹಾಕ್ತೀರಿ?

2021ರ ಅಕ್ಷಯ ತೃತೀಯ ಮೇ 14ರಂದು ಬಂತು. ರಂಜಾನ್, ಬಸವ ಜಯಂತಿ ಎರಡೂ ಅವತ್ತೇ. ಮೂರು ಹಬ್ಬ ಒಟ್ಟಿಗೆ ಬಂದರೂ ನಮ್ಮ ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಬೆಳಿಗ್ಗೆ ಹತ್ತರವರೆಗೆ ದಿನಸಿ, ತರಕಾರಿ. ಆಮೇಲೆ ಬರೀ ಆಂಬ್ಯುಲೆನ್ಸ್ ಸದ್ದು.

ನಾನು ಕೋವಿಡ್ ಪಾಸಿಟಿವ್ ಆಗಿ ಮಹಡಿ ರೂಮು ಸೇರಿದ್ದೆ. ಹೆಂಡತಿ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಕೂಗಿ ಹೇಳಿ ಇಳಿದುಹೋಗುತ್ತಿದ್ದಳು. ಭಾವ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದರು. ಅಕ್ಕ ಅವಳ ಮನೆಯಲ್ಲಿ ಒಬ್ಬಳೇ. ಕೋವಿಡ್ ರೋಗಿಗೆ ಕೊಡುತ್ತಿದ್ದ ಬಿಯು ನಂಬರ್‌ಗೆ ಕಾದು, ಬೆಡ್ ಹಂಚುತ್ತಿದ್ದ ವಾರ್ ರೂಮ್ ಫೋನಿಗೆ ಕಾದು ಆ ಬೆಡ್ ಸಿಕ್ಕ ಕತೆಯನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರೂಮಿನಲ್ಲಿ ಮಗಳ ಹಳೇ ನೋಟ್‌ಬುಕ್, ಒಂದು ಬಾಲ್‌ಪೆನ್ ಇದ್ದವು. ನಾನೇನು ಕಲಾವಿದನಲ್ಲ. ಮೀಟಿಂಗುಗಳಲ್ಲಿ ಡೈರಿಯ ಅಂಚಿನಲ್ಲಿ ಮ್ಯಾನೇಜರಿಗೆ ಮೀಸೆ ಬರೆದಿದ್ದೇ ಅಭ್ಯಾಸ. ಮೊದಲು ಬಿಡಿಸಿದ್ದು ನನ್ನನ್ನೇ. ಆಕ್ಸಿಮೀಟರಿನಲ್ಲಿ 93 ಬಂದರೆ ಪಕ್ಕದ ಬೆರಳಿಗೆ, ಅಲ್ಲೂ 93 ಬಂದರೆ ಇನ್ನೊಂದು ಕೈಗೆ, ಕೊನೆಗೆ ಕಾಲಿನ ಹೆಬ್ಬೆರಳಿಗೂ ಸಿಕ್ಕಿಸಿ 95 ಹುಡುಕುವ ಮನುಷ್ಯ. ಕಾಲು ಬಿಟ್ಟು ಉಳಿದಿದ್ದೆಲ್ಲ ನಿಜ. ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. 'ನಂಗೂ ನಡುಬೆರಳಲ್ಲೇ ಜಾಸ್ತಿ ಬರೋದು ಕಣೋ' ಅಂತ ಉತ್ತರ ಬಂತು. ಅವಳು ಊಟ ಮಾಡಿದಳೋ ಇಲ್ಲವೋ ಅಂತ ಕೇಳಿದರೆ ಉತ್ತರ ಕೊಡದವಳು ಇದಕ್ಕೆ ಕೊಟ್ಟಳು. ಅಲ್ಲಿಂದ ದಿನಾ ಒಂದು ಕಳಿಸುವುದು ರೂಢಿಯಾಯಿತು.

ನಮ್ಮ ತಾತನ ಟ್ರಂಕಿನಲ್ಲಿ 'ಕೊರವಂಜಿ'ಯ ಹಳೇ ಸಂಚಿಕೆಗಳಿದ್ದವು. ರಾಶಿ, ಅಂದರೆ ಡಾ. ಎಂ. ಶಿವರಾಂ, ಅದನ್ನು ಶುರು ಮಾಡಿದ್ದು 1942ರಲ್ಲಿ. ಅತ್ತ ಮಹಾಯುದ್ಧ, ಇತ್ತ ಕ್ವಿಟ್ ಇಂಡಿಯಾ ಚಳವಳಿ. ಅಂಥಾ ಹೊತ್ತಲ್ಲಿ ಒಬ್ಬ ಡಾಕ್ಟರು ನಗೆ ಪತ್ರಿಕೆ ತೆಗೆದರು, ಇಪ್ಪತ್ತೈದು ವರ್ಷ ನಡೆಸಿದರು! ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಕೂಡ ಶುರುವಿನಲ್ಲಿ ಅದಕ್ಕೆ ಚಿತ್ರ ಬರೆದವರು. ಇದೆಲ್ಲ ಮೊದಲೇ ಗೊತ್ತಿತ್ತು. ಆದರೆ ಒಬ್ಬ ಡಾಕ್ಟರಿಗೆ ಈ ಉಸಾಬರಿ ಯಾಕೆ ಬೇಕಿತ್ತು ಅನ್ನುವುದು ಆ ರೂಮಿನಲ್ಲಿ ಸ್ವಲ್ಪ ಅರ್ಥವಾಯಿತು. ಕಾರ್ಟೂನು ಬಿಡಿಸುವಾಗ ಭಯ ಹೋಗುವುದಿಲ್ಲ. ಆದರೆ ಭಯಪಡಿಸುವ ವಸ್ತುವನ್ನು ಕಣ್ಣಿಟ್ಟು ನೋಡಬೇಕಾಗುತ್ತದೆ. ಸಿಲಿಂಡರಿನ ಕತ್ತು ಎಷ್ಟು ಗಿಡ್ಡ, ಮಾಸ್ಕಿನ ದಾರ ಕಿವಿಯನ್ನು ಎತ್ತ ಎಳೆಯುತ್ತದೆ, ಹೀಗೆ. ಆ ಹೊತ್ತಿನಲ್ಲಿ ಬೇರೆ ಯೋಚನೆಗೆ ಜಾಗವಿರುವುದಿಲ್ಲ.

ಹಾಗಂತ ಎಲ್ಲವೂ ಕೈಗೆ ಬರಲಿಲ್ಲ. ಟಿವಿಯಲ್ಲಿ ಗಿಡ್ಡೇನಹಳ್ಳಿಯ ಬಯಲಲ್ಲಿ ಉರಿಯುವ ಚಿತೆಗಳನ್ನು ತೋರಿಸುತ್ತಿದ್ದರು. ಆಂಬ್ಯುಲೆನ್ಸ್ ಸಾಲನ್ನು ಬಿಡಿಸಲು ಕೂತೆ. ನಾಲ್ಕು ಚಕ್ರ ಬರೆದ ಮೇಲೆ ಪೆನ್ನು ನಿಂತುಹೋಯಿತು. ಇಲ್ಲಿ ಯಾರನ್ನು ನೋಡಿ ನಗುವುದು? ರೆಮ್‌ಡಿಸಿವಿರ್ ಕಾಳಸಂತೆಯಲ್ಲಿ ಮಾರಿದವನನ್ನು ಎಷ್ಟು ಬೇಕಾದರೂ ಸೊಟ್ಟಗೆ ಬರೆಯಬಹುದು. ಕ್ಯೂನಲ್ಲಿ ನಿಂತವನನ್ನಲ್ಲ.

ಹಬ್ಬದ ದಿನ ಮಧ್ಯಾಹ್ನದವರೆಗೂ ಆಸ್ಪತ್ರೆಯಿಂದ ಫೋನ್ ಬರಲಿಲ್ಲ. ನಾವು ಮಾಡಿದರೆ ಎತ್ತುವವರಿಲ್ಲ. ಅಕ್ಕನ ಹತ್ತಿರ ಮಾತಾಡಲು ಧೈರ್ಯವಾಗದೆ ನೋಟ್‌ಬುಕ್ ಎಳೆದುಕೊಂಡೆ. ಬಂಗಾರದಂಗಡಿ. ಗಾಜಿನ ಕಪಾಟಿನಲ್ಲಿ, ಕೆಂಪು ವೆಲ್ವೆಟ್ ಮೇಲೆ ಒಂದು ಆಕ್ಸಿಜನ್ ಸಿಲಿಂಡರ್. ಕೌಂಟರಿನ ಈಚೆ ಗಂಡ ಹೆಂಡತಿ. ಹೆಂಡತಿ ಕೇಳುತ್ತಾಳೆ: 'ವೇಸ್ಟೇಜ್ ಎಷ್ಟು ಹಾಕ್ತೀರಿ?'

ಕಳಿಸಿದೆ. ನೀಲಿ ಗೆರೆ ಬಿತ್ತು. ತುಂಬಾ ಹೊತ್ತು ಏನೂ ಇಲ್ಲ. ಇವತ್ತು ಇದನ್ನು ಕಳಿಸಬಾರದಿತ್ತೇನೋ ಅಂತ ನಾನು ಒದ್ದಾಡುತ್ತಿದ್ದಾಗ ಮೆಸೇಜು ಬಂತು: 'ಅವಳ ಕೈಗೆ ಬಳೆ ಬರಿಯೋ. ಹಬ್ಬದ ದಿನ ಬೋಳು ಕೈಲಿ ಯಾರು ಅಂಗಡಿಗೆ ಹೋಗ್ತಾರೆ?'

ಎರಡೂ ಕೈಗೆ ಮೊಣಕೈವರೆಗೆ ಬಳೆ ಬರೆದೆ. ಸಾಲದು ಅಂತ ಓಲೆ, ಮೂಗುತಿ, ತಾಳಿ ಸರ. ಮತ್ತೆ ಕಳಿಸಿದೆ. 'ಈಗ ಸರಿ' ಅಂದಳು. ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. ನಿನ್ನೆ ಇದ್ದ ಹಾಗೇ ಇದ್ದಾರೆ ಅಂದರು. ಆ ದಿನಗಳಲ್ಲಿ ಅದೇ ಒಳ್ಳೆ ಸುದ್ದಿ.

ಭಾವ ಜೂನ್‌ನಲ್ಲಿ ಮನೆಗೆ ಬಂದರು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ನೋಟ್‌ಬುಕ್ಕನ್ನು ಹಿಂದೆಮುಂದೆ ತಿರುವಿ, ಅಂಗಡಿಯ ಗಂಡನ ಮೂಗು ಯಾರದ್ದು ಅಂತ ಗುರುತು ಹಿಡಿದು, ಆಮೇಲೆ ಕೇಳಿದರು: 'ನರ್ಸುಗಳನ್ನ ಯಾಕೆ ಬರ್ದಿಲ್ಲ?' ಅವರು ಒಬ್ಬರ ಮುಖವನ್ನೂ ನೋಡಿಲ್ಲ. ಪಿಪಿಇ ಕಿಟ್ಟಿನ ಬೆನ್ನ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದಿರುತ್ತಿತ್ತಂತೆ. ಇಂಜೆಕ್ಷನ್ ಕೊಟ್ಟವರು ಯಾರು ಅಂತ ಗೊತ್ತಾಗುತ್ತಿದ್ದುದು ಅವರು ಹೊರಟ ಮೇಲೆ.

ಆಮೇಲೆ ಬೇಕಾದಷ್ಟು ಸಲ ಬಿಡಿಸಿದೆ. ಪಿಪಿಇ ಹಾಕಿದರೆ ಎಲ್ಲರೂ ಚಂದ್ರನ ಮೇಲೆ ಇಳಿದವರಂತೆ ಕಾಣುತ್ತಾರೆ. ಭಾವ ಪ್ರತಿ ಸಲವೂ 'ಇವರಲ್ಲ' ಅಂತ ವಾಪಸು ಕೊಡುತ್ತಾರೆ.