ಸಣ್ಣ ಸ್ಪೇಸ್ ಶೂಟರ್‌ಗಳ ರಿವ್ಯೂ ನಂಬಬಹುದಾ?

ನಾನು ಗೇಮ್ ಆಡುವವನು ಅಂತ ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಇದು: "ಒಬ್ಬರೋ ಇಬ್ಬರೋ ಸೇರಿ ಮಾಡಿದ ಈ ಸ್ಪೇಸ್ ಶೂಟರ್‌ಗಳಿಗೆ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಬ್ಬ ಅದ್ಭುತ ಅಂತಾನೆ, ಇನ್ನೊಬ್ಬ ದುಡ್ಡು ದಂಡ ಅಂತಾನೆ. ಯಾರನ್ನ ನಂಬೋದು?"

ನಾನು ಬೈದಿರುವ ರಿವ್ಯೂಗಳನ್ನೇ ಮೊದಲು ಓದುತ್ತೇನೆ. ಆಡಿದವನು ಹೇಗೆ ಸತ್ತ ಅಂತ ಅಲ್ಲಿ ಬರೆದಿರುತ್ತದೆ, ನನಗೆ ಬೇಕಾದದ್ದು ಅಷ್ಟೇ.

"ಯಾವುದು ಬಡಿದು ಸತ್ತೆ ಅಂತಲೇ ಗೊತ್ತಾಗಲಿಲ್ಲ" ಎಂಬ ದೂರನ್ನು ನಾನು ಯಾವತ್ತೂ ತಳ್ಳಿಹಾಕುವುದಿಲ್ಲ. ನಾಲ್ಕಾರು ಜನ ಅದನ್ನೇ ಹೇಳುತ್ತಿದ್ದರೆ ಆ ಗೇಮ್ ಬಿಟ್ಟುಬಿಡಿ. ಪರದೆ ತುಂಬ ಗುಂಡು ಸುರಿಯುವ ಶೂಟರ್‌ನಲ್ಲಿ ಏಟು ತಗಲುವ ಜಾಗ, ಅಂದರೆ ಹಿಟ್‌ಬಾಕ್ಸ್, ನಾವು ಹಾರಿಸುವ ಬಾಹ್ಯಾಕಾಶ ಹಡಗಿನ ನಟ್ಟನಡುವೆ ಒಂದು ಚುಕ್ಕಿಯಷ್ಟೇ ಇರುತ್ತದೆ. ಆ ಚುಕ್ಕಿ ಎಲ್ಲಿದೆ, ಶತ್ರುವಿನ ಗುಂಡು ಯಾವುದು, ಬರೀ ಸ್ಫೋಟದ ಕಿಡಿ ಯಾವುದು ಎಂದು ಕ್ಷಣಾರ್ಧದಲ್ಲಿ ಕಣ್ಣಿಗೆ ತಿಳಿಯಬೇಕು. ಇದಕ್ಕೆ ಬಜೆಟ್ ಬೇಕಿಲ್ಲ. 2018ರ ಝೀರೋರೇಂಜರ್ ನೋಡಿ, ಫಿನ್ಲೆಂಡಿನ ಸಿಸ್ಟಮ್ ಎರೇಷರ್ ಎಂಬ ಇಬ್ಬರ ತಂಡದ್ದು. ಹೆಚ್ಚುಕಡಿಮೆ ಇಡೀ ಗೇಮ್ ಹಸಿರು ಮತ್ತು ಕಿತ್ತಳೆ ಬಣ್ಣಗಳಲ್ಲೇ ನಡೆಯುತ್ತದೆ. ಆ ಸಂಯಮ ನನಗೆ ತುಂಬ ಇಷ್ಟ. ಗ್ರಾಫಿಕ್ಸ್ ಹಳೇ ಕಾಲದ್ದು ಎಂದು ಮೂಗು ಮುರಿದವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

"ಕಂಟ್ರೋಲ್ ಸರಿಯಿಲ್ಲ" ಎಂಬ ದೂರನ್ನು ಮಾತ್ರ ಬಿಡಿಸಿ ನೋಡಬೇಕು. ಎಷ್ಟೋ ಸಲ ತಪ್ಪು ಕೀಬೋರ್ಡಿನದು. ಅಗ್ಗದ ಕೀಬೋರ್ಡ್‌ಗಳಲ್ಲಿ, ಹಲವು ಲ್ಯಾಪ್‌ಟಾಪ್‌ಗಳಲ್ಲೂ, ಕೆಲವು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮೂರನೆಯದು ದಾಖಲಾಗುವುದೇ ಇಲ್ಲ. ಓರೆಯಾಗಿ ಹಾರುತ್ತಾ ಗುಂಡು ಹೊಡೆಯಲು ಹೋದರೆ ಹಡಗು ಮಾತು ಕೇಳುವುದಿಲ್ಲ. ಕೀಲಿ ಬದಲಿಸಿ, ಇಲ್ಲವೇ ಕಂಟ್ರೋಲರ್ ಹಾಕಿ ನೋಡಿ. ಟಿವಿಗೆ ಜೋಡಿಸಿ ಆಡುವವರು ಅದರ ಗೇಮ್ ಮೋಡ್ ಹಾಕದಿದ್ದರೆ ಒತ್ತಿದ್ದಕ್ಕೂ ಹಡಗು ಅಲುಗುವುದಕ್ಕೂ ನಡುವೆ ತಡವಾಗುತ್ತದೆ, ಆ ಸಿಟ್ಟೂ ಗೇಮ್ ಮೇಲೇ ತೀರುತ್ತದೆ.

ಇನ್ನು ಹಡಗು ಜಾರುತ್ತದೆ ಎಂಬ ದೂರು. ಬಹುಪಾಲು ಜೆಫ್ರಿ ನೀಲ್ಸನ್ ಒಬ್ಬರೇ ಕಟ್ಟಿದ ನೋವಾ ಡ್ರಿಫ್ಟ್‌ನಲ್ಲಿ ಅದು ಬೇಕೆಂದೇ ಮಾಡಿದ ನಡೆ. ಎಂಜಿನ್ ಬಿಟ್ಟರೂ ಹಡಗು ಹೋಗುತ್ತಿದ್ದ ದಿಕ್ಕಿಗೆ ತೇಲುತ್ತದೆ. 1962ರ ಸ್ಪೇಸ್‌ವಾರ್ ಮತ್ತು 1979ರ ಅಸ್ಟರಾಯ್ಡ್ಸ್ ಕಾಲದಿಂದ ಬಂದ ರೂಢಿ ಅದು. ಕೈಗೆ ಹತ್ತಲು ಸಮಯ ಬೇಕು, ಹತ್ತಿದ ಮೇಲೆ ಬಿಡುವುದಿಲ್ಲ. ಇದೇ ಗೇಮ್ 2019ರಲ್ಲಿ ಅರ್ಲಿ ಆಕ್ಸೆಸ್‌ಗೆ, ಅಂದರೆ ಪೂರ್ತಿಯಾಗುವ ಮೊದಲೇ ಮಾರಾಟಕ್ಕೆ, ಬಂದು 2024ರಲ್ಲಿ ಪೂರ್ಣಗೊಂಡಿತು. ಅಷ್ಟು ವರ್ಷ ತಿದ್ದಿಸಿಕೊಂಡ ಗೇಮ್‌ಗೆ ಮೊದಮೊದಲ ರಿವ್ಯೂಗಳು ಅನ್ವಯಿಸುವುದಿಲ್ಲ. ಬರೆದ ದಿನಾಂಕ ನೋಡಿ, ಪಕ್ಕದಲ್ಲೇ ಇರುವ ಆಡಿದ ಗಂಟೆಗಳನ್ನೂ ನೋಡಿ.

"ಅರ್ಧ ಗಂಟೆಗೇ ಮುಗಿದುಹೋಯ್ತು" ಎನ್ನುವವರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. ನಾಣ್ಯ ಹಾಕಿ ಆಡುವ ಆರ್ಕೇಡ್‌ಗಳಲ್ಲಿ ಹುಟ್ಟಿದ ಪ್ರಕಾರ ಇದು. ಸೋತು ಮತ್ತೆ ಮೊದಲಿಂದ ಶುರುಮಾಡುವುದೇ ಆಟ. ಸತ್ತಾಗಲೆಲ್ಲ ಕಂಟಿನ್ಯೂ ಒತ್ತಿ ಆಟ ಮುಂದುವರಿಸುತ್ತಾ ಕೊನೆ ಮುಟ್ಟಿದವನು ಮುಗಿಸಿದ್ದೇನೆ ಅಂದುಕೊಂಡಿರುತ್ತಾನೆ.

ಸಣ್ಣ ಬಜೆಟ್ ಅಂದರೆ ಸಣ್ಣ ಮಜಾ ಅಂತ ಹಿಂಜರಿಯುವವರಿಗೆ ಚಿಕನ್ ಇನ್ವೇಡರ್ಸ್ ನೆನಪಿಸುತ್ತೇನೆ. ಸೈಬರ್ ಕೆಫೆಗಳ ಕಾಲದಲ್ಲಿ ಕೋಳಿಗಳಿಗೆ ಗುಂಡು ಹೊಡೆದವರು ನಮ್ಮಲ್ಲೂ ಬೇಕಾದಷ್ಟಿದ್ದಾರೆ. ಅದನ್ನು 1999ರಲ್ಲಿ ಹೊರತಂದದ್ದು ಗ್ರೀಸಿನ ಕಾನ್‌ಸ್ಟಾಂಟಿನೋಸ್ ಪ್ರೂಸ್ಕಾಸ್ ಅವರ ಪುಟ್ಟ ಸಂಸ್ಥೆ.

ಇಷ್ಟೆಲ್ಲ ಓದಿದ ಮೇಲೂ ಅನುಮಾನವಿದ್ದರೆ ಮೊದಲು ಡೆಮೋ ಇದೆಯೇ ನೋಡಿ. ಇಲ್ಲದಿದ್ದರೆ ಕೊಂಡುಬಿಡಿ. ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಸ್ಟೀಮ್ ಹಣ ವಾಪಸ್ ಕೊಡುತ್ತದೆ. ಹಡಗು ನಿಮ್ಮ ಕೈಗೆ ಒಗ್ಗುತ್ತದೋ ಇಲ್ಲವೋ ತಿಳಿಯಲು ಎರಡು ಗಂಟೆ ಧಾರಾಳ. ಆದರೆ ಪೂರ್ತಿ ಆಡಿ ಸಂತೋಷಪಟ್ಟು, ಚಿಕ್ಕದಾಯ್ತು ಅಂತ ಮಾತ್ರ ವಾಪಸ್ ಕೇಳಬೇಡಿ. ಆ ಇಬ್ಬರ ತಂಡಕ್ಕೆ ಅದೇ ಸಂಬಳ.