ಹರಾಜಿಗೊಂದು ತೇಗದ ಬೆಂಚು

ಸಂಘದ ಸಹಾಯಾರ್ಥ ಹರಾಜಿಗೆ ಬೆಂಚು ಮಾಡಿಕೊಡುವುದಾದರೆ ಉದ್ದ 4 ಅಡಿ ಸಾಕು. ಮುಂಬೈಯ ಹಳೇ ಕಟ್ಟಡಗಳ ಲಿಫ್ಟಿನಲ್ಲಿ ಅದಕ್ಕಿಂತ ಉದ್ದದ್ದನ್ನು ಸಾಗಿಸುವುದು ಕಷ್ಟ. ಮನೆಗೆ ಒಯ್ಯಲಾಗದ ವಸ್ತುವಿಗೆ ಯಾರು ಕೂಗುತ್ತಾರೆ? ಎತ್ತರ 17 ಇಂಚು, ಅಗಲ 14.

ಜೋಗೇಶ್ವರಿಯ ಓಶಿವಾರಾ ಪೀಠೋಪಕರಣ ಬಜಾರಿನ ಕಡೆ ಹಳೇ ತೇಗ ಹುಡುಕಿ. ಚೆನ್ನಾಗಿ ಒಣಗಿದ ಮರ ಬಾಗುವುದು ಕಡಿಮೆ. ಆದರೆ ಕೊಯ್ಯುವ ಮೊದಲು ಅಯಸ್ಕಾಂತ ಆಡಿಸಿ ನೋಡಿ, ಒಳಗೆ ಮುರಿದ ಮೊಳೆಯಿದ್ದರೆ ಗರಗಸದ ಹಲ್ಲು ಹೋದಂತೆಯೇ.

ಕಾಲುಗಳು ಎರಡೂವರೆ ಇಂಚು ಚೌಕ, ಅವನ್ನು ಸೇರಿಸುವ ಅಡ್ಡಪಟ್ಟಿ 3 ಇಂಚು ಅಗಲ, 1 ಇಂಚು ದಪ್ಪ. ಬೆಂಚಿನ ಜೀವವಿರುವುದು ಇವೆರಡರ ಜೋಡಣೆಯಲ್ಲಿ. ಕಾಲಿಗೆ ಒಂದೂವರೆ ಇಂಚು ಆಳದ ತೂತು, ಪಟ್ಟಿಯ ತುದಿಗೆ ಆ ತೂತಿನಲ್ಲಿ ಕೂರುವಂತೆ ಪಟ್ಟಿಯ ಮೂರನೇ ಒಂದು ಭಾಗ ದಪ್ಪದ ನಾಲಿಗೆ. ಕೈಯಿಂದ ಒತ್ತಿದರೆ ಕೂರಬೇಕು. ಸುತ್ತಿಗೆಯಿಂದ ಜಡಿಯಬೇಕಾಗಿ ಬಂದರೆ ಕಾಲು ಸೀಳುತ್ತದೆ, ತಾನಾಗಿ ಜಾರಿದರೆ ಅಂಟು ಹಿಡಿಯುವುದಿಲ್ಲ. ತೇಗದಲ್ಲಿ ಎಣ್ಣೆಯ ಅಂಶವಿದೆ. ಅಂಟು ಹಚ್ಚುವ ಮುಂಚೆ ಥಿನ್ನರ್‌ನಿಂದ ಒರೆಸದಿದ್ದರೆ ಜೋಡಣೆ ಆಮೇಲೆ ಬಿಟ್ಟುಕೊಳ್ಳುತ್ತದೆ. ನೀರು ತಡೆಯುವ ಅಂಟನ್ನೇ ಬಳಸಿ, 24 ಗಂಟೆ ಕ್ಲಾಂಪು ಬಿಗಿದಿಡಿ.

ಮೇಲಿನ ಹಲಗೆಗಳ ನಡುವೆ 5 ಮಿ.ಮೀ. ಸಂದು ಬಿಡಿ. ಬೇಸಿಗೆಯಲ್ಲಿ ಒತ್ತಾಗಿ ಜೋಡಿಸಿದ ಹಲಗೆಗಳು ಜುಲೈ ಮಳೆಗೆ ಉಬ್ಬಿ ಒಂದನ್ನೊಂದು ನೂಕುತ್ತವೆ. ಸ್ಕ್ರೂ ಸ್ಟೇನ್‌ಲೆಸ್ ಆಗಿರಲಿ, ಕಡಲ ಗಾಳಿಗೆ ಉಳಿದವು ತುಕ್ಕು ಹಿಡಿದು ಕಪ್ಪು ಕಲೆ ಬಿಡುತ್ತವೆ. 8 ನಂಬರಿನ ಸ್ಕ್ರೂಗೆ ಮೊದಲು 3 ಮಿ.ಮೀ. ತೂತು ಕೊರೆಯಿರಿ.

ಮರಳು ಕಾಗದ ಒರಟಿನಿಂದ ನಯಕ್ಕೆ, 80, 120, 220 ನಂಬರಿನ ಕ್ರಮದಲ್ಲಿ. ಅಂಚುಗಳನ್ನು ದುಂಡಗಾಗಿಸಿ, ಸೀರೆ ಸಿಕ್ಕಬಾರದು. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯನ್ನು ತೆಳ್ಳಗೆ ಎರಡು ಸಲ ಹಚ್ಚಿ. ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ. ಹರಾಜಿಗೆ ವಾರ ಮೊದಲೇ ಮುಗಿಸಿ, ಇಲ್ಲದಿದ್ದರೆ ಎಣ್ಣೆ ಕೂತವರ ಬಟ್ಟೆಗೆ ಹತ್ತುತ್ತದೆ.