ಕುದುರೆಯ ವಿದ್ಯೆ, ಲೆಕ್ಕದ ವಿದ್ಯೆ

ಜಿಎಸ್‌ಟಿ ಮಂಡಳಿಯ 56ನೆಯ ಸಭೆ ನಡೆದದ್ದು 2025ರ ಸೆಪ್ಟೆಂಬರ್ 3ರಂದು. ಮರುದಿನ ಬೆಂಗಳೂರಿನ ರೇಸ್‌ಕೋರ್ಸಿನ ಸಮೀಪದ ಹೋಟೆಲಿನಲ್ಲಿ ನಾವು ಐದಾರು ಜನ ಎಂದಿನಂತೆ ಕಾಫಿಗೆ ಸೇರಿದ್ದೆವು. ಮೇಜಿನ ಮೇಲಿದ್ದ ಪತ್ರಿಕೆಯ ಮುಖಪುಟದಲ್ಲಿ ಸೋಪು, ಶಾಂಪೂ, ಟೂತ್‌ಪೇಸ್ಟುಗಳ ಮೇಲಿನ ತೆರಿಗೆ ಶೇ 5ಕ್ಕೆ ಇಳಿಯಲಿದೆ ಎಂಬ ಸುದ್ದಿ ದಪ್ಪಕ್ಷರಗಳಲ್ಲಿತ್ತು. ಅದರ ಕೆಳಗೆ, ತೆರಿಗೆ ಶೇ 40ಕ್ಕೆ ಏರಲಿರುವವುಗಳ ಪಟ್ಟಿಯಲ್ಲಿ, ಪಾನ್ ಮಸಾಲ, ಕ್ಯಾಸಿನೊ, ಲಾಟರಿಗಳ ಜೊತೆಗೆ ಕುದುರೆ ರೇಸೂ ಇತ್ತು. ರೇಸಿಗೆ ಅದು ಸೆಪ್ಟೆಂಬರ್ 22ರಿಂದ ಜಾರಿ.

ನಮ್ಮಲ್ಲಿ ಹಿರಿಯರಾದ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟು, "ನೋಡಿದ್ರಾ ರಾಯರೇ, ನಮ್ಮನ್ನ ಗುಟ್ಕಾ ಅಗಿಯೋರ ಸಾಲಿಗೆ ಸೇರಿಸಿಬಿಟ್ರು. ಇದು ಜೂಜಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ!" ಎಂದು ನಿಜವಾಗಿಯೂ ನೊಂದುಕೊಂಡರು.

ಅವರು ಹೇಳಿದ್ದು ಸುಳ್ಳಲ್ಲ. ತಮಿಳುನಾಡು ಸರ್ಕಾರ ಕುದುರೆ ರೇಸಿನ ಪಣವನ್ನು ಜೂಜಿನ ವ್ಯಾಖ್ಯೆಯೊಳಗೆ ತರಲು ಹೊರಟಾಗ ಎದ್ದ ವಿವಾದದಲ್ಲಿ, 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಕುದುರೆ ರೇಸು ಮುಖ್ಯವಾಗಿ ಕೌಶಲವನ್ನೇ ಅವಲಂಬಿಸಿದ ಆಟವೆಂದು ತೀರ್ಪು ನೀಡಿತು. ಕುದುರೆಯ ವಂಶ, ಅದಕ್ಕೆ ಸಿಕ್ಕ ತರಬೇತಿ, ಸವಾರನಾದ ಜಾಕಿಯ ಚಾತುರ್ಯ, ಇವನ್ನೆಲ್ಲ ತೂಗಿ ನೋಡುವ ಬುದ್ಧಿ ಇವುಗಳಿಂದ ಫಲಿತಾಂಶ ನಿರ್ಧಾರವಾಗುವುದರಿಂದ ಇದನ್ನು ಎಲೆಯಾಟ, ದಾಳದಾಟಗಳ ಜೊತೆ ಸೇರಿಸಬಾರದು ಎಂಬುದು ಅದರ ಸಾರ. ರೇಸ್ ಆಡುವವರಲ್ಲಿ ಈ ತೀರ್ಪನ್ನು ಕೇಳದವರಿಲ್ಲ. ಮನೆಯವರೊಡನೆ ವಾದಕ್ಕೆ ನಿಂತಾಗ ಹೆಚ್ಚಿನವರು ಮೊದಲು ಎತ್ತುವುದು ಇದನ್ನೇ. ನಮ್ಮ ರಾಜ್ಯದ ಪೊಲೀಸ್ ಕಾಯ್ದೆಯೂ ಕುದುರೆ ರೇಸಿನ ಪಣವನ್ನು ಜೂಜಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 2021ರಲ್ಲಿ ಸರ್ಕಾರ ಆ ಕಾಯ್ದೆಗೆ ತಿದ್ದುಪಡಿ ತಂದು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗಲೂ ರೇಸಿನ ವಿನಾಯಿತಿಯನ್ನು ಮುಟ್ಟಲಿಲ್ಲ. ಆ ನಿಷೇಧದ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಗೊಳಿಸಿತು.

ನಾನು ಆ ತೀರ್ಪಿಗೆ ತಕರಾರು ಎತ್ತುವವನಲ್ಲ. ಆದರೆ ಮೂವತ್ತು ವರ್ಷ ರೇಸು ನೋಡಿ, ಅದರಲ್ಲಿ ಹದಿನೈದು ವರ್ಷ ಆಡಿದ ಮೇಲೆ ನನಗೆ ಮನವರಿಕೆಯಾದ ಒಂದು ಮಾತನ್ನು ಅಂದು ಆ ಮೇಜಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಕುದುರೆಯನ್ನು ಬಲ್ಲ ವಿದ್ಯೆ ಒಂದು, ಪಣದ ಲೆಕ್ಕವನ್ನು ಬಲ್ಲ ವಿದ್ಯೆ ಇನ್ನೊಂದು. ಮೊದಲನೆಯದು ಕೈಗೆ ಹತ್ತಿದರೆ ಎರಡನೆಯದೂ ಬಂದಂತೆ ಎಂದು ನಾವು ನಂಬಿಕೊಂಡಿದ್ದೇವೆ, ಮತ್ತು ನಮ್ಮ ಮನೆಗಳು ಮುಳುಗುವುದು ಈ ನಂಬಿಕೆಯಿಂದ.

ಮೊದಲನೆಯ ವಿದ್ಯೆಯನ್ನು ನಾನು ಕಣ್ಣಾರೆ ಕಂಡದ್ದು ನನ್ನ ಸೋದರಮಾವನಲ್ಲಿ. ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಮಾವ, ರಜೆಯ ದಿನ ಬೆಳಗಿನ ಜಾವವೇ ನನ್ನನ್ನು ಎಬ್ಬಿಸಿ, ಕುದುರೆಗಳ ಬೆಳಗಿನ ಓಟ ತೋರಿಸಲು ಕರೆದುಕೊಂಡು ಹೋಗುತ್ತಿದ್ದ. ಮಂಜಿನೊಳಗಿಂದ ಮೊದಲು ಗೊರಸಿನ ಸದ್ದು, ಆಮೇಲೆ ಉಸಿರಿನ ಹಬೆ, ಕೊನೆಗೆ ಕುದುರೆ. ಆ ಸದ್ದು ಸಮವಾಗಿಲ್ಲದಿದ್ದರೆ ಕುದುರೆ ಕಣ್ಣಿಗೆ ಬೀಳುವ ಮೊದಲೇ, "ಮುಂಗಾಲು ನೋಯ್ತಿದೆ, ನೋಡೋ" ಎನ್ನುತ್ತಿದ್ದ. ರೇಸಿನ ದಿನ ಪ್ಯಾಡಕ್‌ನಲ್ಲಿ ಕುದುರೆಗಳನ್ನು ಸುತ್ತು ಹಾಕಿಸುವಾಗ ಅವನು ಮೊದಲು ನೋಡುತ್ತಿದ್ದದ್ದು ಕುತ್ತಿಗೆಯ ಬೆವರನ್ನು. ಕಡಿವಾಣದ ತೊಗಲು ಉಜ್ಜುವ ಜಾಗದಲ್ಲಿ ಬಿಳಿ ನೊರೆ ಕಟ್ಟಿದ್ದರೆ ಆ ಕುದುರೆ ಓಡುವ ಮೊದಲೇ ತನ್ನ ಶಕ್ತಿಯನ್ನು ಚೆಲ್ಲಿಕೊಂಡಿದೆ ಎಂದು ಅವನ ತೀರ್ಮಾನ, ಮತ್ತು ಅದು ಬಹಳ ಸಲ ನಿಜವಾಗುತ್ತಿತ್ತು. ಅಂಥ ಕಣ್ಣು ನನಗೆ ಕೊನೆಗೂ ಬರಲಿಲ್ಲ.

ಮಾವ ತೀರಿಕೊಂಡ ಮೇಲೆ ಅವನ ಟ್ರಂಕಿನಲ್ಲಿ ನೀಲಿ ರಟ್ಟಿನ ನೋಟ್‌ಬುಕ್ಕೊಂದು ಸಿಕ್ಕಿತು. ಹನ್ನೊಂದು ವರ್ಷಗಳ ಬರಹ. ತಾರೀಖು, ಕುದುರೆ, ತೂಕ, ಜಾಕಿ, ಮೈದಾನದ ಸ್ಥಿತಿ, ಗೆದ್ದ ಮೊತ್ತ, ಎಲ್ಲವೂ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ. ಅತ್ತೆ ಅದನ್ನು ಓದುತ್ತ ಓದುತ್ತ, "ಇಷ್ಟೆಲ್ಲ ಗೆದ್ದಿದ್ದರೆ ಸೈಟು ಯಾಕಪ್ಪ ಮಾರಿದರು?" ಎಂದು ಕೇಳಿದರು. ಉತ್ತರ ಪುಸ್ತಕದಲ್ಲೇ ಇತ್ತು, ಆದರೆ ಬರೆದಿರಲಿಲ್ಲ. ಹನ್ನೊಂದು ವರ್ಷಗಳಲ್ಲಿ ಮಾವ ಒಂದೇ ಒಂದು ಸೋಲನ್ನೂ ದಾಖಲಿಸಿರಲಿಲ್ಲ.

ಈಗ ಶೇ 40ರ ಮಾತಿಗೆ ಬರುತ್ತೇನೆ. ಕ್ಲಬ್ಬೇ ನಡೆಸುವ ಪಣದ ವ್ಯವಸ್ಥೆಯಾದ ಟೋಟ್ ಹೇಗೆ ನಡೆಯುತ್ತದೆಂದು ಆಡುವವರಿಗೆಲ್ಲ ಗೊತ್ತು: ಒಂದು ರೇಸಿಗೆ ಎಲ್ಲರೂ ಕಟ್ಟಿದ ಹಣ ಒಂದೆಡೆ ಸೇರುತ್ತದೆ, ಅದರಿಂದ ಕ್ಲಬ್ಬಿನ ಕಮಿಷನ್ ಕಳೆಯುತ್ತದೆ, ಉಳಿದದ್ದು ಗೆದ್ದ ಟಿಕೆಟ್‌ಗಳಿಗೆ ಹಂಚಿಕೆಯಾಗುತ್ತದೆ. ಎಂದರೆ ಟೋಟ್‌ನಲ್ಲಿ ಆಡುವವನು ಸೆಣಸುವುದು ಪಕ್ಕದಲ್ಲಿ ನಿಂತ ಸಾವಿರಾರು ಜನರ ಅಂದಾಜಿನ ವಿರುದ್ಧ. ಲೆಕ್ಕಕ್ಕೆ ಅನುಕೂಲವಾಗಲೆಂದು ಕಮಿಷನ್ ಶೇ 20 ಎಂದು ಇಟ್ಟುಕೊಳ್ಳೋಣ. ತೆರಿಗೆ ಬಿಟ್ಟು ಒಂದು ಲಕ್ಷ ರೂಪಾಯಿ ಸೇರಿದೆ, ಅದರಲ್ಲಿ 40,000 ಜನ ಹೆಚ್ಚು ನಂಬಿದ ಕುದುರೆಯ, ಎಂದರೆ ಫೇವರಿಟ್‌ನ, ಮೇಲೆ ಬಿದ್ದಿದೆ ಎನ್ನೋಣ. ಹಂಚಲು ಉಳಿಯುವುದು 80,000. ಫೇವರಿಟ್ ಗೆದ್ದರೆ 10 ರೂಪಾಯಿಯ ಟಿಕೆಟ್ಟಿಗೆ ಬರುವುದು 20. ಜನರ ಅಂದಾಜು ಸರಿಯಿದ್ದರೆ ಇಂಥ ಫೇವರಿಟ್ ನೂರಕ್ಕೆ ನಲವತ್ತು ಸಲ ಗೆಲ್ಲುತ್ತದೆ. ನೂರು ರೇಸುಗಳಲ್ಲಿ ಒಂದೊಂದು ಟಿಕೆಟ್ ಕೊಂಡವನಿಗೆ ಹಿಂದಿರುಗುವುದು 800 ರೂಪಾಯಿ. ತೆರಿಗೆಯೇ ಇಲ್ಲದಿದ್ದರೂ ಅವನ ಖರ್ಚು 1,000. ಕಟ್ಟಿದ ಹಣದ ಮೇಲೆ ಹಿಂದಿದ್ದ ಶೇ 28 ತೆರಿಗೆ ಸೇರಿದರೆ 1,280, ಈಗಿನ ಶೇ 40 ಸೇರಿದರೆ 1,400. ಅಸಲು ಹುಟ್ಟಬೇಕಾದರೆ, ನೂರಕ್ಕೆ ನಲವತ್ತು ಸಲ ಗೆಲ್ಲುತ್ತದೆಂದು ಜನ ನಂಬಿದ ಕುದುರೆಗಳು ಎಪ್ಪತ್ತು ಸಲ ಗೆಲ್ಲುವಂತೆ ಅವನು ಆರಿಸಿ ತೋರಿಸಬೇಕು. ನನ್ನ ಮಾವನ ಕಣ್ಣೂ ಅಷ್ಟು ದೂರಕ್ಕೆ ಹೋಗುತ್ತಿರಲಿಲ್ಲ.

ಗೆದ್ದ ಮೇಲೆ ಆದಾಯ ತೆರಿಗೆ ಬೇರೆ. ರೇಸಿನ ಗೆಲುವಿಗೆ ಶೇ 30ರ ತೆರಿಗೆ; ಒಂದೇ ವ್ಯವಹಾರದಲ್ಲಿ 10,000 ರೂಪಾಯಿ ಮೀರಿದ ಗೆಲುವಾದರೆ ಹಣ ಕೊಡುವ ಕಿಟಕಿಯಲ್ಲೇ ಅದನ್ನು ಮುರಿದುಕೊಳ್ಳುತ್ತಾರೆ. ಹೊರಗಿನವರಿಗೆ ಅಷ್ಟಾಗಿ ಗೊತ್ತಿರದ ಸಂಗತಿಯೆಂದರೆ, ಸೋತ ಹಣವನ್ನು ಗೆದ್ದ ಹಣದಿಂದ ಕಳೆದು ತೋರಿಸಲು ಆಡುವವನಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಒಂದು ಶನಿವಾರ ಜಾಕ್‌ಪಾಟ್‌ನಲ್ಲಿ 50,000 ಗೆದ್ದು, ವರ್ಷದ ಉಳಿದ ದಿನಗಳಲ್ಲಿ 60,000 ಸೋತವನು 50,000ಕ್ಕೂ ತೆರಿಗೆ ಕೊಡಬೇಕು. ಕೌಶಲದ ಆಟವೆಂದು ನ್ಯಾಯಾಲಯ ಒಪ್ಪಿದ ಮೇಲೆ ನಷ್ಟವನ್ನೂ ಒಪ್ಪಬೇಕಲ್ಲವೇ ಎಂಬ ನಮ್ಮ ಹಿರಿಯರ ಪ್ರಶ್ನೆ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಅಂದಿನ ಮಾತು ಅಲ್ಲಿಂದ ಆನ್‌ಲೈನ್ ಆಟಗಳ ಕಡೆಗೆ ಹೊರಳಿತು. ಹಿಂದಿನ ತಿಂಗಳಷ್ಟೇ, 2025ರ ಆಗಸ್ಟ್ 20 ಮತ್ತು 21ರಂದು, ಸಂಸತ್ತಿನ ಎರಡೂ ಸದನಗಳು ಆನ್‌ಲೈನ್ ಗೇಮಿಂಗ್ ಮಸೂದೆಯನ್ನು ಒಪ್ಪಿದ್ದವು. 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತ್ತು. ಹಣವಿಟ್ಟು ಆಡುವ ಆನ್‌ಲೈನ್ ಆಟವಾದರೆ ಅದು ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವನ್ನು ಈ ಕಾಯ್ದೆ ನೋಡುವುದೇ ಇಲ್ಲ. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ; ಆಡುವವನಿಗೆ ಶಿಕ್ಷೆಯಿಲ್ಲ. ಕೆಲವೇ ದಿನಗಳಲ್ಲಿ ಡ್ರೀಮ್ 11 ತನ್ನ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ನಮ್ಮಲ್ಲಿ ಕಿರಿಯನಾದ ಒಬ್ಬ, ಮೊಬೈಲಿನಲ್ಲಿ ರಮ್ಮಿ ಆಡಿ ಸಾಕಷ್ಟು ಕಳೆದುಕೊಂಡವನು, "ಒಳ್ಳೇದೇ ಆಯ್ತು ಬಿಡಿ ಸರ್, ನಾನಾಗಿ ಬಿಡೋಕೆ ಆಗ್ತಿರ್ಲಿಲ್ಲ" ಎಂದು ತಲೆ ತಗ್ಗಿಸಿ ಹೇಳಿದ. ಅಲ್ಲಿಯವರೆಗೆ ಜೋರಾಗಿ ನಡೆದಿದ್ದ ವಾದ ಅವನ ಮಾತಿಗೆ ನಿಂತುಹೋಯಿತು.

2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಷೇಧವಾದಾಗಲೂ ನಾನು ಇಂಥ ಮಾತು ಕೇಳಿದ್ದೆ. ನಮ್ಮ ಬಡಾವಣೆಯ ಬಸ್ ಸ್ಟ್ಯಾಂಡಿನಲ್ಲಿ ದಿನಗೂಲಿಯವರು ಸಂಜೆಯ ಕೂಲಿಯನ್ನು ಅಂಗಡಿಯ ಮುಂದೆಯೇ ಮುಗಿಸಿ ಬರಿಗೈಲಿ ಮನೆಗೆ ಹೋಗುವುದನ್ನು ಕಂಡಿದ್ದೆನಾದ್ದರಿಂದ, ಆ ನಿಷೇಧ ಬೇಡವಿತ್ತೆಂದು ನಾನು ಎಂದೂ ಅನ್ನಲಾರೆ. ಹಾಗೆಂದು ರೇಸನ್ನೂ ನಿಲ್ಲಿಸಿಬಿಡಿ ಎಂದು ಹೇಳಲು ನನ್ನ ಬಾಯಿ ಬರುವುದಿಲ್ಲ. 2024ರಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿಗೆ ಸರ್ಕಾರ ಪರವಾನಗಿ ಕೊಡದೆ ಹೋದಾಗ, ಜೂನ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ರೇಸ್ ನಡೆಸಲು ಮಧ್ಯಂತರ ಅನುಮತಿ ನೀಡಿ, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಾಗ, ನನಗೆ ಪರಿಚಯದ ಒಬ್ಬ ಸೈಸ್, ಎಂದರೆ ಕುದುರೆ ನೋಡಿಕೊಳ್ಳುವವನು, ಲಾಯದಲ್ಲಿ ಕುದುರೆಯ ಮೈ ತಿಕ್ಕುತ್ತ, "ಇದಕ್ಕೆ ರೇಸ್ ನಿಂತಿದೆ ಅಂತ ಗೊತ್ತಿಲ್ಲ, ಬೆಳಗ್ಗೆ ನಾಲ್ಕಕ್ಕೇ ಕೆನೆಯುತ್ತೆ" ಎಂದಿದ್ದ. ಓಡಿದರೂ ಓಡದಿದ್ದರೂ ಹುರುಳಿ, ಓಟ್ಸು, ಹುಲ್ಲು ತಪ್ಪುವುದಿಲ್ಲ. ಆ ದುಡ್ಡು ಕೊನೆಗೆ ಬರುವುದು ಗ್ಯಾಲರಿಯಲ್ಲಿ ನಿಂತ ನಮ್ಮ ಜೇಬಿನಿಂದ, ಮತ್ತು ಆ ಸೈಸ್‌ನ ಸಂಬಳವೂ.

ಶೇ 40ರಿಂದ ಆಡುವವರು ಕಡಿಮೆಯಾಗುತ್ತಾರೆಂದು ನಾನು ನಂಬುವುದಿಲ್ಲ. ಅವರು ಹೊರಗಿನ ಬುಕ್ಕಿಗಳ ಕಡೆ ಹೋಗುತ್ತಾರೆ. ಅಲ್ಲಿ ತೆರಿಗೆಯಿಲ್ಲ, ಟಿಕೆಟ್ಟಿಲ್ಲ, ಫೋನಿನಲ್ಲಿ ಒಂದು ಮಾತು ಸಾಕು. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಸಾಲ ಸಿಗುತ್ತದೆ. ಟೋಟ್‌ನ ಕಿಟಕಿಯಲ್ಲಿ ಜೇಬು ಬರಿದಾದವನು ಮನೆಗೆ ಹೋಗಲೇಬೇಕು. ಫೋನಿನ ಬುಕ್ಕಿಯ ಬಳಿ ಜೇಬು ಬರಿದಾದ ಮೇಲೆ ಆಟ ಶುರುವಾಗುತ್ತದೆ. ಮಾವನ ಸೈಟು ಹೋದದ್ದು ಕಿಟಕಿಯಲ್ಲಿ ಕಟ್ಟಿದ ಹಣದಿಂದಲ್ಲ, ಹೀಗೆ ಬಾಯಿಮಾತಿನಲ್ಲಿ ಕಟ್ಟಿದ, ನೋಟ್‌ಬುಕ್ಕಿಗೆ ಬಾರದ ಹಣದಿಂದ. ತೆರಿಗೆ ಹೆಚ್ಚಿಸಿದವರು ಈ ದಾರಿಯನ್ನು ಮುಚ್ಚದೆ ಇನ್ನೊಂದನ್ನು ಮಾತ್ರ ಕಿರಿದು ಮಾಡಿದ್ದಾರೆ ಎಂಬುದು ನನ್ನ ಅಸಮಾಧಾನ.

ನಳನ ಕಥೆಯನ್ನು ನಾನು ಬಾಲ್ಯದಲ್ಲಿ ಹರಿಕಥೆಯಲ್ಲಿ ಕೇಳಿದ್ದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣ ರಾಜನ ಸಾರಥಿಯಾಗಿರುತ್ತಾನೆ. ಕುದುರೆಗಳ ಮರ್ಮ ಬಲ್ಲವನು ಅವನಷ್ಟು ಇನ್ನೊಬ್ಬನಿಲ್ಲ, ಅವನದು ಅಶ್ವಹೃದಯ. ವಿದರ್ಭದ ದಾರಿಯಲ್ಲಿ ಋತುಪರ್ಣ ಒಂದು ತಾರೆಕಾಯಿಯ ಮರವನ್ನು ನೋಡಿದೊಡನೆ ಅದರ ಎಲೆ, ಕಾಯಿಗಳ ಸಂಖ್ಯೆಯನ್ನು ಹೇಳಿಬಿಡುತ್ತಾನೆ. ನಳ ನಂಬದೆ ರಥ ನಿಲ್ಲಿಸಿ, ಇಳಿದು ಎಣಿಸಿ ನೋಡುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಆಗ ತನ್ನ ಅಶ್ವಹೃದಯವನ್ನು ಕೊಟ್ಟು ರಾಜನಿಂದ ಅಕ್ಷಹೃದಯವನ್ನು, ಎಂದರೆ ದಾಳದ ಮತ್ತು ಎಣಿಕೆಯ ಮರ್ಮವನ್ನು, ಪಡೆಯುತ್ತಾನೆ. ಆ ಗಳಿಗೆಯಲ್ಲಿ ಅವನ ಮೈಯೊಳಗಿದ್ದ ಕಲಿ ವಿಷ ಕಾರುತ್ತ ಹೊರಬೀಳುತ್ತಾನೆ. ಕುದುರೆಗಳನ್ನು ಅಷ್ಟು ಬಲ್ಲವನು ಎಣಿಕೆ ಅರಿಯದೆ ರಾಜ್ಯ ಕಳೆದುಕೊಂಡಿದ್ದ. ಇಷ್ಟು ಸ್ಪಷ್ಟವಾಗಿ ನಮ್ಮ ಪೂರ್ವಿಕರು ಈ ಎರಡು ವಿದ್ಯೆಗಳನ್ನು ಬೇರೆ ಬೇರೆಯಾಗಿ ಇಟ್ಟಿದ್ದರೂ, ಹರಿಕಥೆ ಕೇಳಿ ಬೆಳೆದ ನಾವೇ ಅವನ್ನು ಒಂದು ಮಾಡಿಕೊಂಡೆವು.

ಮಾವನ ನೋಟ್‌ಬುಕ್ ಕೈಗೆ ಬಂದ ಮೇಲೆ ನಾನೂ ಒಂದನ್ನು ಇಟ್ಟೆ, ಎರಡು ಕಾಲಂ ಎಳೆದು. ಕಟ್ಟಿದ ಪ್ರತಿಯೊಂದು ರೂಪಾಯಿ ಎಡಗಡೆ, ಹಿಂದಿರುಗಿದ್ದು ಬಲಗಡೆ. ಅದರ ಕೊನೆಯ ಮೂರು ವರ್ಷಗಳ ಮೊತ್ತವನ್ನು ಆ ಸಂಜೆ ಮೇಜಿನ ಮೇಲೆ ಬಿಚ್ಚಿಟ್ಟೆ: ಕಟ್ಟಿದ್ದು 2,16,400, ಬಂದದ್ದು 1,51,900. ನಾನು ರೇಸು ನೋಡುವುದನ್ನು ಬಿಟ್ಟಿಲ್ಲ. ಆಡುವುದನ್ನು ವರ್ಷಕ್ಕೆ ಎರಡು ಡರ್ಬಿಗಳಿಗೆ, ಎಂದರೆ ಎರಡು ದೊಡ್ಡ ರೇಸುಗಳಿಗೆ, ಇಳಿಸಿಕೊಂಡಿದ್ದೇನೆ, ಮತ್ತು ಫೋನಿನಲ್ಲಿ ಎಂದೂ ಕಟ್ಟುವುದಿಲ್ಲ. ನಮ್ಮ ಹಿರಿಯರು ಕನ್ನಡಕ ಹಾಕಿಕೊಂಡು ಎರಡೂ ಕಾಲಂಗಳ ಮೇಲೆ ಬೆರಳಾಡಿಸಿ, ಬ್ಯಾಂಕಿನ ಹಳೆಯ ಅಭ್ಯಾಸದಂತೆ ಒಂದು ಪುಟವನ್ನು ತಾವೇ ಮತ್ತೆ ಕೂಡಿ ನೋಡಿದರು. ಲೆಕ್ಕ ಸರಿಯಿತ್ತು. ಹೋಟೆಲಿನಿಂದ ಎದ್ದು ಹೊರಡುವಾಗ ಅವರು ಎದುರಿನ ಅಂಗಡಿಯಲ್ಲಿ ನಿಂತು ಇನ್ನೂರು ಪುಟಗಳ ಒಂದು ನೋಟ್‌ಬುಕ್ ಕೊಂಡರು.